ಕಾರಿನಲ್ಲೇ ಮುಗಿದ ಹೊಲಿಗೆ

ವಿಶ್ವವಿದ್ಯಾಲಯದ ಊರಿನೊಳಗೆ ಕಾರು ಬಂದಾಗ ಅಕ್ಕನ ಮಡಿಲಲ್ಲಿದ್ದ ಗೌನಿನ ಅಂಚಿನ ಹೊಲಿಗೆ ಇನ್ನೂ ಅರ್ಧ ಬಾಕಿಯಿತ್ತು. ಅಕ್ಕ ದರ್ಜಿ. ಅವಳ ತಂಗಿಗೆ ಅಂದು ಪದವಿ ಪ್ರದಾನ. ಬಾಡಿಗೆಗೆ ತಂದ ಕಪ್ಪು ಗೌನು ಕುಳ್ಳಿ ತಂಗಿಗೆ ನೆಲ ಗುಡಿಸುವಷ್ಟು ಉದ್ದವಾಗಿತ್ತೆಂದು ಅಕ್ಕ ಅದನ್ನು ಮನೆಗೆ ಒಯ್ದು, ಅಂಚು ಮಡಚಿ, ಚೊಕ್ಕಟವಾಗಿ ಹೊಲಿದಿಟ್ಟಿದ್ದಳು. ಅಷ್ಟಕ್ಕೆ ಸುಮ್ಮನಿರಬಾರದೇ? ಬೆಳಿಗ್ಗೆ ಎದ್ದವಳ ತಲೆಯಲ್ಲಿ ಹುಳ ಕೊರೆಯತೊಡಗಿತು: ಇವಳು ಎತ್ತರದ ಚಪ್ಪಲಿ ಹಾಕಿಕೊಂಡರೆ ಗೌನು ಗಿಡ್ಡವಾಗದೇ? ಹೊಲಿಗೆಯನ್ನೆಲ್ಲ ಬಿಚ್ಚಿದ ಮೇಲೆ ಫೋನು ಮಾಡಿದಳು. ಎತ್ತರದ್ದೇ, ಅಂದಳು ತಂಗಿ. ಮೆರವಣಿಗೆ ಹೊರಡುವಾಗ ಗೌನು ಮೈಮೇಲಿರದಿದ್ದರೆ ಸಭಾಂಗಣಕ್ಕೆ ಬಿಡುವುದಿಲ್ಲವೆಂದೂ ನೆನಪಿಸಿದಳು.

ಕಾರು ಓಡಿಸುತ್ತಿದ್ದ ಅಕ್ಕನ ಗಂಡ ಬಡಗಿ, ಸ್ಟೀರಿಂಗನ್ನೂ ಹಲಗೆ ನಯಮಾಡುವ ತೋಪಡ ಹಿಡಿದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿಯುವವನು. ಗ್ರಂಥಾಲಯದ ಹಿಂದೆ ಕಾರು ನಿಲ್ಲಿಸಲು ಜಾಗವಿತ್ತು, ಅಧ್ಯಾಪಕರಿಗೆ ಮಾತ್ರವಂತೆ. ಹಾಸ್ಟೆಲಿನ ಮುಂದೆ ಚೀಟಿ ಇದ್ದವರಿಗೆ ಮಾತ್ರವಂತೆ. ಪುಸ್ತಕದಂಗಡಿಯ ಪಕ್ಕ ಒಂದು ಕಾರು ಹೊರಟಿತೆಂದು ಇವರು ಕಾದು ನಿಂತರೆ, ಅದರೊಳಗಿದ್ದವರು ಸೀಟು ಸರಿಮಾಡಿಕೊಂಡು ಊಟದ ಡಬ್ಬಿ ಬಿಚ್ಚಿದರು. ಪ್ರತಿ ತಿರುವಿನಲ್ಲೂ ಅಕ್ಕನ ಬೆರಳಿಗೆ ಸೂಜಿ ಚುಚ್ಚುತ್ತಿತ್ತು.

"ರೀ, ಸ್ವಲ್ಪ ಮೆತ್ತಗೆ ತಿರುಗ್ಸಿ."

"ಮೆತ್ತಗೆ ತಿರುಗ್ಸಿದ್ರೆ ಹಿಂದಿನೋನು ಬೈತಾನೆ, ಜೋರಾಗಿ ತಿರುಗ್ಸಿದ್ರೆ ನೀನು ಬೈತೀಯ. ಯಾರ ಹತ್ರ ಬೈಸ್ಕೊಳ್ಲಿ ಹೇಳು."

ಅಕ್ಕ ಹಲ್ಲಿನ ನಡುವೆ ದಾರ ಕಚ್ಚಿಕೊಂಡು ಹೊಲಿಯುತ್ತಲೇ ಇದ್ದಳು. ಸುಮ್ಮನೆ ಇದ್ದದ್ದನ್ನು ಕೆದಕಿ ಕೆಡಿಸಿದವಳು ತಾನೇ ಎಂದು ಮನಸ್ಸಿನಲ್ಲೇ ತನ್ನನ್ನು ಬೈದುಕೊಂಡಳು.

ಮುಂದಿನ ತಿರುವಿನಲ್ಲಿ ಕಾರು ನಿಂತೇಬಿಟ್ಟಿತು. ಕಪ್ಪು ಗೌನುಗಳ ಸಾಲೊಂದು ರಸ್ತೆ ದಾಟುತ್ತಿತ್ತು. ಮೆರವಣಿಗೆ ಹೊರಟೇಬಿಟ್ಟಿತ್ತು. ಎಲ್ಲರ ಹಿಂದೆ, ಎತ್ತರದ ಚಪ್ಪಲಿಯಲ್ಲಿ, ಗೌನಿಲ್ಲದೆ ಬರೀ ಸೀರೆಯಲ್ಲಿ ತಂಗಿ ಕತ್ತು ಉದ್ದ ಮಾಡಿ ಅತ್ತಿತ್ತ ಹುಡುಕುತ್ತ ಬರುತ್ತಿದ್ದಳು.

ಅಕ್ಕ ಕೊನೆಯ ಗಂಟು ಹಾಕಿ, ದಾರ ಕಚ್ಚಿ ಹರಿದು, ಬಾಗಿಲು ತೆರೆದು ಓಡಿದಳು. ನಡುರಸ್ತೆಯಲ್ಲೇ ತಂಗಿಯ ತೋಳುಗಳನ್ನು ಗೌನಿಗೆ ತೂರಿಸಿದಳು. ಅಂಚು ಚಪ್ಪಲಿಯ ಮೇಲೆ ಹದವಾಗಿ ಕೂತಿತು.

"ಎಲ್ಲಿ ಸತ್ತಿದ್ದೆ ಅಕ್ಕ?"

"ಇಲ್ಲೇ, ನಿನ್ನ ಊರನ್ನ ಸುತ್ತುತಾ ಇದ್ದೆ. ಕೈಯಲ್ಲಿ ಸೂಜಿ ಇದೆ, ಅಲ್ಲಾಡಬೇಡ."

ಅಷ್ಟರಲ್ಲಿ ಕಾವಲುಗಾರ ಕಾರಿನ ಕಿಟಕಿ ಬಡಿದು ಇಲ್ಲಿ ನಿಲ್ಲಿಸುವಂತಿಲ್ಲ ಎಂದ. "ನಾನೆಲ್ಲಿ ನಿಲ್ಲಿಸಿದೆ? ನಿಮ್ಮ ಮಕ್ಕಳೇ ನಿಲ್ಲಿಸಿದ್ದು," ಎಂದ ಗಂಡ. ಹೆಂಡತಿಯತ್ತ ಕೈಬೀಸಿ, ನೀನು ಹೋಗು, ನಾನು ಜಾಗ ಹುಡುಕಿ ಬರ್ತೀನಿ ಎಂದು ಮುಂದಕ್ಕೆ ಸಾಗಿದ.

ಅವನು ಬರಲೇ ಇಲ್ಲ. ಸಭಾಂಗಣದಲ್ಲಿ ಅಕ್ಕನ ಪಕ್ಕದ ಕುರ್ಚಿ ಖಾಲಿ ಉಳಿಯಿತು. ಒಳಗಿನ ಮಾತೆಲ್ಲ ಹೊರಗಿನ ಧ್ವನಿವರ್ಧಕಗಳಲ್ಲೂ ಕೇಳುತ್ತಿದೆ ಎಂದು ಯಾರೋ ಹೇಳಿದರು. ಅಕ್ಕನಿಗೆ ಅದರಿಂದೇನೂ ಸಮಾಧಾನವಾಗಲಿಲ್ಲ. ತನ್ನ ಹುಚ್ಚಿನಿಂದ ಅವನಿಗೆ ಇದು ತಪ್ಪಿಹೋಯಿತಲ್ಲ ಎನಿಸಿತು.

ತಂಗಿಯ ಹೆಸರು ಕರೆದರು. ಅವಳು ಮೆಟ್ಟಿಲು ಹತ್ತಿದಳು, ಎಲ್ಲೂ ಎಡವಲಿಲ್ಲ. ಚಪ್ಪಾಳೆ ಇನ್ನೂ ಮುಗಿದಿರಲಿಲ್ಲ, ಕಿಟಕಿಯಾಚೆ ಒಂದು ಕಾರಿನ ಹಾರ್ನು ಉದ್ದಕ್ಕೆ ಕೂಗಿತು. ಕುಲಪತಿಗಳು ಬೆಚ್ಚಿ ತಲೆಯೆತ್ತಿದರು. ವೇದಿಕೆಯ ಮೇಲಿದ್ದ ತಂಗಿ ಅಕ್ಕನ ಕಡೆ ನೋಡಿ ಕಿಸಕ್ಕನೆ ನಕ್ಕಳು.

"ಭಾವ," ಎಂದು ತುಟಿಯಲ್ಲೇ ಹೇಳಿದಳು.