ಜುಟ್ಟ್ಯಾ ಕಲಿತ ಸೀಟಿ

ನಾನು ಒಂದು ಹಿತ್ತಾಳೆಯ ಸೀಟಿ. ಹೊಟ್ಟೆಯಲ್ಲಿ ಬೆಂಡಿನ ಗುಂಡೊಂದಿದೆ. ಅದು ಕುಣಿದರೆ ನನಗೆ ದನಿ. ಹುಟ್ಟಿದ ಕಾರ್ಖಾನೆ ನೆನಪಿಲ್ಲ, ತಿಕ್ಕಿ ಹೊಳಪು ಕೊಟ್ಟವನ ಒರಟು ಬೆರಳು ಮಾತ್ರ ನೆನಪಿದೆ. ಮೊದಲು ಗದಗಿನ ಶಾಲೆಯೊಂದರ ಡ್ರಿಲ್ ಮಾಸ್ತರರ ಕೊರಳಲ್ಲಿದ್ದೆ. ಅವರ ಸೋದರಳಿಯ ಸೋಮಲಿಂಗಪ್ಪನಿಗೆ ಹುಬ್ಬಳ್ಳಿಯಲ್ಲಿ ಕಂಡಕ್ಟರ್ ಕೆಲಸ ಸಿಕ್ಕಾಗ ನನ್ನನ್ನು ಅವನ ಕೈಗಿಟ್ಟರು. ಬಸ್ಸನ್ನು ಡ್ರೈವರ್ ಓಡಿಸುತ್ತಾನೆ ಎಂದು ಜನ ತಿಳಿದಿದ್ದಾರೆ. ತಿಳಿಯಲಿ ಬಿಡಿ. ನಾನು ಎರಡು ಸಲ ಕೂಗದೆ ಚಕ್ರ ಅಲ್ಲಾಡುತ್ತಿರಲಿಲ್ಲ.

ಮನೆಯಲ್ಲಿ ಸೋಮಲಿಂಗಪ್ಪ, ಅವನ ಹೆಂಡತಿ ಅನಸೂಯಾ ಇಬ್ಬರೇ. ಮನೆಯ ಎದುರಿಗೇ ಬಸ್ ಸ್ಟಾಪು. ಒಂದು ದಿನ ಅವನು ಗಿಣಿಯ ಜಾತಿಯ ಹಕ್ಕಿಮರಿಯೊಂದನ್ನು ತಂದ. ಕಾಕಟೀಲ್ ಅಂತೆ. ತಲೆಯ ಮೇಲೆ ಹಳದಿ ಜುಟ್ಟಿದ್ದುದರಿಂದ ಜುಟ್ಟ್ಯಾ ಎಂದು ಕರೆದರು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ, ಯಾಕೆಂದರೆ ಅದು ನನ್ನ ಕೂಗನ್ನೇ ಕದ್ದು ಕಲಿತಿತ್ತು. ಸ್ಟಾಪಿನಲ್ಲಿ ನಾನು ಕೂಗಿದರೆ ಕಿಟಕಿಯಿಂದ ಅದೂ ಕೂಗುತ್ತಿತ್ತು. ಬಸ್ಸಿನ ತುಂಬ ನಗು. ಒಮ್ಮೆ ಸೋಮಲಿಂಗಪ್ಪ ನೀರು ಕುಡಿಯಲು ಮನೆಗೆ ಹೋಗಿದ್ದಾಗ ಜುಟ್ಟ್ಯಾ ಎರಡು ಸಲ ಸೀಟಿ ಹೊಡೆಯಿತು. ಡ್ರೈವರ್ ಮಕ್ತುಮ್‌ಸಾಬರು ಗಾಡಿ ಬಿಟ್ಟೇಬಿಟ್ಟರು! ಕಂಡಕ್ಟರ್ ತಂಬಿಗೆ ಹಿಡಿದುಕೊಂಡೇ ಬಸ್ಸಿನ ಹಿಂದೆ ಓಡಿದ. ಕಳ್ಳನಾದರೂ ಕಲಾವಿದ ಎಂದು ಅಂದು ನಾನೂ ಒಪ್ಪಿಕೊಂಡೆ. ಸಂಜೆಯಾದರೆ ಜುಟ್ಟ್ಯಾ ಸೋಮಲಿಂಗಪ್ಪನ ಹೆಗಲೇರಿ ನನ್ನ ದಾರ ಕಚ್ಚುತ್ತ ಕೂಡುತ್ತಿತ್ತು. ನನಗೂ ಅದು ಹಿತವೆನಿಸತೊಡಗಿತು.

ಒಂದು ಬೆಳಿಗ್ಗೆ ಜುಟ್ಟ್ಯಾ ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು. ಹಿಂದಿನ ಸಂಜೆ ಕಾಳು ತಿಂದು, ಹಾಡಿ ಮಲಗಿದ ಹಕ್ಕಿ. ಸೋಮಲಿಂಗಪ್ಪ ಅದನ್ನು ತನ್ನ ಕರವಸ್ತ್ರದಲ್ಲಿ ಸುತ್ತಿ ದಾಸವಾಳದ ಬುಡದಲ್ಲಿ ಹೂತ. ಅನಸೂಯಾ ಅತ್ತಳು. ಅವನು, "ಹಕ್ಕಿ ಸತ್ರ ಯಾರರ ಅಳ್ತಾರೇನ?" ಎಂದು ಡ್ಯೂಟಿಗೆ ಹೊರಟ.

ಆದರೆ ನನ್ನನ್ನು ಬಾಯಿಗಿಡಲಿಲ್ಲ. "ಗಂಟಲ ಕೆಟ್ಟೈತಿ" ಎಂದು ಬಸ್ಸಿನ ಬದಿಯನ್ನು ಅಂಗೈಯಿಂದ ಬಡಿದು ರೈಟ್ ಹೇಳಿದ. ಅವನ ಸ್ಟಾಪಿನಲ್ಲಿ ದಿನಾ ಹತ್ತುವ, ಹೂವು ಮಾರುವ ಯಲ್ಲವ್ವ, "ಎಲ್ಲೈತಪಾ ನಿನ್ನ ಹಕ್ಕಿ?" ಎಂದಳು. "ಮಲಗೇತವ್ವಾ" ಎಂದ. ಮರುದಿನವೂ ಅದೇ ಮಾತು. ಹಾಗೆ ಹೇಳುವಾಗ ಜೇಬಿನಲ್ಲಿ ನನ್ನನ್ನು ಗಟ್ಟಿಯಾಗಿ ಹಿಡಿಯುತ್ತಿದ್ದ. ಮನೆಯಲ್ಲಿ ಅರ್ಧ ರೊಟ್ಟಿಗೇ ಕೈ ತೊಳೆಯುತ್ತಿದ್ದ. ಅವನನ್ನು ನೋಡಿದರೆ ನನ್ನ ಕರುಳು ಚುರುಕ್ ಎನ್ನುತ್ತಿತ್ತು. ಸೀಟಿಗೆಲ್ಲಿಯ ಕರುಳು ಎಂದು ನೀವು ನಗಬಹುದು.

ತಮ್ಮಿಂದ ಏನು ತಪ್ಪಾಯಿತೆಂದು ತಿಳಿಯದೆ ಅನಸೂಯಾ ದನದ ದವಾಖಾನೆಯ ಡಾಕ್ಟರನ್ನು ಕೇಳಿ ಬಂದಳು. ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದಳು: "ನಮ್ಮ ತಪ್ಪಲ್ಲಂತ್ರಿ. ಹಕ್ಕಿಗೋಳು ಬ್ಯಾನಿ ತೋರಸಂಗಿಲ್ಲಂತ. ಕಡೀತನಕ ಮುಚ್ಚಿಟ್ಕೊಂಡು ಒಮ್ಮೆಲೆ ಹೋಗಿಬಿಡ್ತಾವಂತ." ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ನೀವೂ ಹಂಗ ಮಾಡಬ್ಯಾಡ್ರಿ" ಎಂದಳು.

ಅವನು ತಟ್ಟೆ ನೋಡುತ್ತ ಕೂತ.

ಮರುದಿನ ಅದೇ ಸ್ಟಾಪಿನಲ್ಲಿ ಯಲ್ಲವ್ವ ಬುಟ್ಟಿಯೊಂದಿಗೆ ಹತ್ತಿ ಕೂತಳು. ಸೋಮಲಿಂಗಪ್ಪ ನನ್ನನ್ನು ಬಾಯಿಗಿಟ್ಟ. ಬರೀ ಉಸಿರು ಬಂತು, ಗುಂಡು ಕುಣಿಯಲಿಲ್ಲ. ಸೀಟಿಯಾಗಲಿ ಬಡಿತವಾಗಲಿ ಕೇಳದೆ ಮಕ್ತುಮ್‌ಸಾಬರು ಗಾಡಿ ಬಿಡಲಿಲ್ಲ.

"ಇನ್ನೂ ಮಲಗೇತೇನಪಾ?" ಎಂದಳು ಯಲ್ಲವ್ವ.

"ಇಲ್ಲಬೇ ಯವ್ವಾ. ನಮ್ಮ ಜುಟ್ಟ್ಯಾ ಸತ್ತು ಹೋದಾ."

ತುಂಬಿದ ಬಸ್ಸಿನಲ್ಲಿ, ಕಂಬ ಹಿಡಿದುಕೊಂಡು, ಖಾಕಿ ಅಂಗಿಯ ಕಂಡಕ್ಟರ್ ಬಿಕ್ಕಿ ಬಿಕ್ಕಿ ಅತ್ತ. ಯಾರೂ ನಗಲಿಲ್ಲ. ಮಕ್ತುಮ್‌ಸಾಬರು ಎಂಜಿನ್ ಆರಿಸಿದರು. ಯಲ್ಲವ್ವ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸರಿದು ಜಾಗ ಮಾಡಿದಳು. "ಕೂಡಪಾ, ಅತ್ತುಬಿಡು. ಮನಿ ಮಗಾ ಇದ್ದಂಗ ಇತ್ತಲ್ಲಾ" ಎಂದು ಅವನ ಬೆನ್ನು ಸವರಿದಳು.

ಈಗ ಸೋಮಲಿಂಗಪ್ಪ ನಿವೃತ್ತನಾಗಿದ್ದಾನೆ. ನನ್ನ ಹೊಳಪು ಹೋಗಿದೆ. ಬೀಗದ ಕೈಗಳ ಗೊಂಚಲಿನಲ್ಲಿ ತೂಗುತ್ತಿದ್ದೇನೆ. ಬಸ್ಸನ್ನು ಎಷ್ಟೋ ಸಲ ನಿಲ್ಲಿಸಿದೆ, ಹೊರಡಿಸಿದೆ, ಎಲ್ಲ ಮರೆತುಹೋಗಿದೆ. ನಾನು ಕೂಗಲಾರದೆ ಹೋದ ಆ ಬೆಳಿಗ್ಗೆಯನ್ನು ಮಾತ್ರ ಮರೆತಿಲ್ಲ. ಇಳಿಯುವವರು ಯಾರೂ ಇರಲಿಲ್ಲ, ಹತ್ತುವವರೂ ಇರಲಿಲ್ಲ. ಒಬ್ಬ ಮನುಷ್ಯ ಅತ್ತು ಮುಗಿಸಲಿ ಎಂದು ಇಡೀ ಬಸ್ಸು ಕಾಯುತ್ತ ನಿಂತಿತ್ತು.