ಮೂರನೇ ಕೌಂಟರಿನ ಹತ್ತು ನಿಮಿಷ

ಪುಣೆಯಲ್ಲಿ ಮೂರು ದಿನ ಡಿಜಿಟಲ್ ನಾಯಕತ್ವದ ತರಬೇತಿ ಪಡೆದ ಮಹಾನುಭಾವ ನಾನು. ನಮ್ಮ ಬ್ಯಾಂಕಿನ ಶಿವಾಜಿನಗರ ಶಾಖೆಗೆ ಮ್ಯಾನೇಜರಾಗಿ ಬಂದ ವಾರವೇ ಮೊದಲ ಘನಕಾರ್ಯ ಮಾಡಿದೆ. ಮೂರನೇ ಕೌಂಟರಿನ ಆಬಿದಾ ಅವರನ್ನು ಮಾರತ್ತಹಳ್ಳಿಗೆ ವರ್ಗ ಮಾಡಿ ಎಂದು ಪೋರ್ಟಲ್‌ನಲ್ಲಿ ಕೋರಿಕೆ ಹಾಕಿದೆ. ಕಾರಣ: ಕೆಲಸದಲ್ಲಿ ವಿಪರೀತ ನಿಧಾನ, ಒಬ್ಬರಿಗೆ ಹತ್ತು ನಿಮಿಷ. ಅವರ ಅಮ್ಮನಿಗೆ ವಾರಕ್ಕೆ ಮೂರು ಸಲ ಇಲ್ಲೇ ಪಕ್ಕದಲ್ಲಿ ಡಯಾಲಿಸಿಸ್ ಎಂಬುದು ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ.

ಆ ಹತ್ತು ನಿಮಿಷ ಅವರು ಜನರಿಗೆ ಬ್ಯಾಂಕಿನ ಆ್ಯಪ್ ಕಲಿಸುತ್ತಿದ್ದರು. ಯಾರ ಫೋನನ್ನೂ ಮುಟ್ಟುತ್ತಿರಲಿಲ್ಲ. "ಫೋನ್ ನಿಮ್ ಕೈಲೇ ಇರ್ಲಿ, ನೀವೇ ಒತ್ತಿ," ಎಂದು ಕನ್ನಡದಲ್ಲಿ, ದಖನಿಯಲ್ಲಿ, ತಮಿಳಿನಲ್ಲಿ ಹೇಳುತ್ತಾ ಕೂರುತ್ತಿದ್ದರು. ನಾನೋ ಚುರುಕು. ಕಾಫಿ ಟ್ರೇಯಲ್ಲಿ ನಲವತ್ತು ಜನರ ಫೋನ್ ಪೇರಿಸಿಕೊಂಡು, ಒಂದೇ ಮಧ್ಯಾಹ್ನ ಎಲ್ಲಕ್ಕೂ ನಾನೇ ಆ್ಯಪ್ ಹಾಕಿ, ಎಲ್ಲಕ್ಕೂ ಒಂದೇ ಪಿನ್ ಕೊಟ್ಟು, ಟ್ರೇ ಜೊತೆ ಫೋಟೊ ತೆಗೆಸಿಕೊಂಡೆ.

ಮುಂದಿನ ತಿಂಗಳು ರೀಜನಲ್ ಆಫೀಸಿನ ನಾಜಿಶ್ ಮೇಡಂ ಬಂದರು. ಅಲ್ಲಿದ್ದವರನ್ನು, "ಯಾರಾದ್ರೂ ಆ್ಯಪ್ ಬಳಸಿ ತೋರಿಸ್ತೀರಾ?" ಎಂದು ಕೇಳಿದರು. ನನ್ನ ನಲವತ್ತರಲ್ಲಿ ಅಂದು ಬಂದಿದ್ದವರು ಒಬ್ಬರೇ, ಆ್ಯಪ್ ಲಾಕ್ ಆಗಿದೆ ಎಂದು ದೂರು ಕೊಡಲು. ಹೂ ಮಾರುವ ಅಂಜಿನಮ್ಮ ಮುಂದೆ ಬಂದು ಕರೆಂಟ್ ಬಿಲ್ ಕಟ್ಟತೊಡಗಿದರು. ಹೆಸರು ನನಗೇ ಬರಲಿ ಎಂದು ನಾನು ಪಕ್ಕದಲ್ಲಿ ಬಗ್ಗಿ ನಿಂತೆ. ಅವರು ಫೋನನ್ನು ಸೆರಗಿನ ಮರೆಗೆ ಎಳೆದುಕೊಂಡರು.

"ಆಚೆ ಹೋಗಿ ಸಾರ್. ಪಿನ್ ಹಾಕೋವಾಗ ಮ್ಯಾನೇಜರ್ ಆದ್ರೂ ನೋಡ್ಬಾರ್ದು. ಆಬಿದಾ ಮೇಡಮ್ಮೇ ಹೇಳಿರೋದು."

ನೆಲ ಬಾಯಿಬಿಡಬಾರದೇ ಅನ್ನಿಸಿತು.

ಹೊರಡುವಾಗ ನಾಜಿಶ್ ಮೇಡಂ ತಣ್ಣಗೆ ಹೇಳಿದರು: "ಕೆಂಪರಾಜ್, ನಿಮ್ಮ ನಲವತ್ತರಲ್ಲಿ ಆ್ಯಪ್ ಬಳಸ್ತಿರೋರು ಇಬ್ರು. ಆಬಿದಾ ಕಲಿಸಿದ ಇನ್ನೂರು ಚಿಲ್ರೆ ಜನ ದಿನಾ ಬಳಸ್ತಿದಾರೆ. ಅವ್ರನ್ನೇ ಕಳಿಸ್ತೀರಾ? ಕೋರಿಕೆ ವಾಪಸ್ ತಗೊಳ್ಳೋಕೆ ಇವತ್ತು ಐದು ಗಂಟೆವರೆಗೆ ಟೈಮಿದೆ. ಆಮೇಲೆ ಆರ್ಡರ್ರೇ."

ನಾಲ್ಕೂವರೆಗೆ ಪೋರ್ಟಲ್ ತೆರೆದೆ. ಕೋರಿಕೆ ಹಾಕುವ ಬಟನ್ ಕಣ್ಣಿಗೆ ಹೊಡೆಯುವಂತಿತ್ತು, ಹಿಂತೆಗೆಯುವುದು ಎಲ್ಲೂ ಕಾಣಲಿಲ್ಲ. ಪುಣೆಯ ನೋಟ್ಸ್ ತಿರುವಿ ಹಾಕಿದೆ. ನಾಯಕತ್ವದ ಏಳು ಗುಣಗಳಿದ್ದವು, ಇದೊಂದಿರಲಿಲ್ಲ. ಬೇರೆ ದಾರಿಯಿರಲಿಲ್ಲ.

"ಆಬಿದಾ ಅವ್ರೇ, ಸ್ವಲ್ಪ ಬರ್ತೀರಾ?"

ಬಂದರು. ಪರದೆಯ ಮೇಲೆ ತಮ್ಮ ಹೆಸರು ನೋಡಿದರು, ಕೆಳಗೆ ನಾನು ಬರೆದ ಕಾರಣವನ್ನೂ ಓದಿದರು. ಅವರು ಕುರ್ಚಿ ಎಳೆದುಕೊಂಡು ಕೂತು, ಕೈ ಮಡಿಲಲ್ಲಿಟ್ಟುಕೊಂಡರು.

"ಮೌಸ್ ನಿಮ್ ಕೈಲೇ ಇರ್ಲಿ ಸಾರ್. ಮೇಲಿನ ಮೂರು ಗೆರೆ ಒತ್ತಿ, ಅಲ್ಲಿ 'ಹಿಂತೆಗೆ' ಅಂತಿದೆ ನೋಡಿ. ಹಾಂ. ಈಗ ಕಾರಣ ಕೇಳ್ತಿದೆ, ನೀವೇ ಟೈಪ್ ಮಾಡಿ."

'ನಾನು ತಪ್ಪು ಬರೆದಿದ್ದೆ' ಎಂದು ಒಂದೊಂದೇ ಅಕ್ಷರ ಹುಡುಕಿ ಕುಟ್ಟತೊಡಗಿದೆ. ಕಾಗುಣಿತ ತಪ್ಪಿ ಎರಡು ಸಲ ಅಳಿಸಿದೆ. ಆಬಿದಾ ಗೋಡೆ ಗಡಿಯಾರ ನೋಡಿದರು.

"ನಿಧಾನಕ್ಕೆ ಮಾಡಿ ಸಾರ್," ಎಂದರು. "ಇನ್ನೂ ಹತ್ತು ನಿಮಿಷ ಇದೆ."