ಟೈಲರಮ್ಮ ಕೊಂಡ ಸುಗಂಧರಾಜ

ನಮ್ಮ ಬೀದಿಯ ಅರ್ಧ ಹೆಂಗಸರ ಎದೆಯಳತೆ ಟೈಲರಮ್ಮನಿಗೆ ಬಾಯಿಪಾಠವಾಗಿತ್ತು. ಟೇಪು ಹಿಡಿಯುವ ಮೊದಲೇ ಅಂಕಿ ಹೇಳಿಬಿಡುತ್ತಿದ್ದರು. "ಹೋದ ವರ್ಷಕ್ಕಿಂತ ಎರಡಿಂಚು ಜಾಸ್ತಿ ಆಗಿದ್ದೀಯಲ್ಲೇ, ಗಂಡ ಚೆನ್ನಾಗಿ ನೋಡ್ಕೊಳ್ತಿದ್ದಾನೆ ಅನ್ನು" ಎಂದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದರು. ನನ್ನ ಹೂವಿನ ಅಂಗಡಿಯಿಂದ ಅವರ ಮನೆ ಹತ್ತು ಹನ್ನೆರಡು ಬಾಗಿಲಾಚೆ. ಬೆಳಿಗ್ಗೆ ನಾನು ಬಕೆಟ್ಟುಗಳಿಗೆ ನೀರು ತುಂಬುವ ಹೊತ್ತಿಗೆ ಅವರ ಮಿಷನ್ನಿನ ಕಟಕಟ ಶುರುವಾಗಿರುತ್ತಿತ್ತು.

ಮನೆಯಲ್ಲಿ ಇದ್ದವರು ಮೂವರು. ಟೈಲರಮ್ಮ, ಕರೆಂಟಿನ ಮೀಟರ್ ಓದುವ ಕೆಲಸದಿಂದ ನಿವೃತ್ತರಾದ ಅವರ ಯಜಮಾನರು, ಅಂದರೆ ನಮ್ಮೆಲ್ಲರ ಬಾಯಲ್ಲಿ ಮೀಟರಪ್ಪ, ಮೀಟರಪ್ಪನ ಅಕ್ಕ. ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದಿದ್ದ ಆ ಹಿರಿಯಾಕೆಯನ್ನು ಮನೆಯ ಮಗಳು ದೊಡ್ಡತ್ತೆ ಎಂದು ಕರೆಯುತ್ತಿದ್ದಳು, ಅದನ್ನೇ ಬೀದಿಯೂ ಕಲಿತಿತ್ತು. ಅಡುಗೆಮನೆ ಅವರದು, ಬೀರುವಿನ ಬೀಗದಕೈ ಅವರದು, ಕೊನೆಯ ಮಾತೂ ಅವರದೇ. ಮಗಳು ಬೇರೊಂದು ಪಟ್ಟಣದಲ್ಲಿ ಪ್ರಾಣಿಗಳ ಆಸ್ಪತ್ರೆಯಲ್ಲಿ ನರ್ಸು. ನಾಯಿ ಬೆಕ್ಕುಗಳ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ. ಎರಡು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದಳು.

ಕೊನೆಯ ಐದು ತಿಂಗಳು ಟೈಲರಮ್ಮ ದಿನ ಬಿಟ್ಟು ದಿನ ನನ್ನಲ್ಲಿಗೆ ಬಂದು ಒಂದು ಕಟ್ಟು ಸುಗಂಧರಾಜ ಒಯ್ಯುತ್ತಿದ್ದರು. ಗುಲಾಬಿಯತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. "ಚೆನ್ನಾಗಿ ಅರಳಿರೋದು ಕೊಡಮ್ಮ, ಮೊಗ್ಗು ಬೇಡ, ವಾಸನೆ ಜೋರಾಗಿರಬೇಕು" ಎನ್ನುತ್ತಿದ್ದರು. ನನಗೋ ಹುಟ್ಟಿನಿಂದಲೇ ಕೆದಕುವ ಬುದ್ಧಿ. ಯಾರಿಗೆ, ಏತಕ್ಕೆ ಎಂದು ಕೇಳದೆ ಹೂವು ಕಟ್ಟಿಕೊಟ್ಟವಳಲ್ಲ. "ಏನು ಟೈಲರಮ್ಮ, ಈ ವಯಸ್ಸಲ್ಲಿ ಹೊಸ ಹುಚ್ಚು?" ಎಂದು ಕೇಳಿದೆ. "ಮಿಷನ್ ಎಣ್ಣೆ ವಾಸನೆ ತಲೆಗೆ ಹತ್ತುತ್ತೆ ಕಣಮ್ಮ" ಎಂದರು. ಮೂವತ್ತು ವರ್ಷ ಹತ್ತದ ಎಣ್ಣೆ ಈಗೇಕೆ ಹತ್ತಿತು ಎಂದು ನಾನು ಮರುಪ್ರಶ್ನೆ ಹಾಕಲಿಲ್ಲ. ಅದೊಂದು ಪ್ರಶ್ನೆಯನ್ನು ಕೇಳದೆ ಬಿಟ್ಟದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಒಂದು ಸೋಮವಾರ ಮಿಷನ್ನಿನ ಸದ್ದು ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು, ಟೈಲರಮ್ಮ ಹೋದರು, ಹೃದಯ ನಿಂತುಹೋಯಿತಂತೆ. ಕೈ ಜೋಡಿಸಲು ಹೋದ ನೆರೆಯವರನ್ನು ದೊಡ್ಡತ್ತೆ ಒಳಗೆ ಬಿಡಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಮೈ ತೊಳೆದು, ಬಟ್ಟೆ ತೊಡಿಸಿ, ಕುತ್ತಿಗೆಯವರೆಗೆ ಹೊದಿಕೆ ಹೊದಿಸಿ, ಆಮೇಲೆ ಬಾಗಿಲು ತೆಗೆದರು. ಎಪ್ಪತ್ತರ ಮುದುಕಿ ಇಷ್ಟು ಗಟ್ಟಿಯೇ ಎಂದು ನಾವು ಮೆಚ್ಚಿಕೊಂಡೆವು.

ಮರುದಿನ ಬೆಳಿಗ್ಗೆ ಮಗಳು ಅಂಗಡಿಗೆ ಬಂದಳು. ಪ್ರಯಾಣದ ಬಟ್ಟೆಯಲ್ಲೇ ಇದ್ದಳು, ಕಣ್ಣು ಊದಿತ್ತು.

"ಅಕ್ಕ, ನಾಳೆ ಮಣ್ಣು. ಅಮ್ಮನಿಗೆ ಹೂವು ಆರಿಸ್ಬೇಕು. ಏನೇನು ಬೇಕಾಗುತ್ತೆ ಅಂತ ನಂಗೆ ಗೊತ್ತಿಲ್ಲ."

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳಿದೆ. ಶವಪೆಟ್ಟಿಗೆಯ ಮೇಲೆ ಉದ್ದಕ್ಕೂ ಒಂದು ಹೂಹಾಸು, ಕಾಲಿನ ಕಡೆ ಹೂಚಕ್ರ, ತಲೆಯ ಎರಡು ಪಕ್ಕಕ್ಕೆ ಗೊಂಚಲು. ಲಿಲ್ಲಿ ಎರಡು ದಿನ ತಾಳುತ್ತದೆ, ಸೇವಂತಿಗೆ ನಾಲ್ಕು ದಿನ. "ಆದ್ರೆ ಯಾವ ಹೂವು ಅಂತ ಕೇಳೋದೇ ಬೇಡ ಬಿಡು," ಎಂದೆ, "ಸುಗಂಧರಾಜ ತಾನೇ?"

"ಯಾಕೆ?"

"ನಿಮ್ಮಮ್ಮನಿಗೆ ಅಷ್ಟು ಇಷ್ಟ ಅಲ್ವಾ?"

"ಅಮ್ಮನಿಗಾ?" ಅವಳು ನನ್ನ ಮುಖವನ್ನೇ ನೋಡಿದಳು. "ಸುಗಂಧರಾಜ ಅಂದ್ರೆ ಅಮ್ಮನಿಗೆ ತಲೆಸಿಡಿತ ಅಕ್ಕ. ಕಾಲೇಜಲ್ಲಿ ನಂಗೆ ಬಹುಮಾನದ ಜೊತೆ ಒಂದು ಗುಚ್ಛ ಕೊಟ್ಟಿದ್ರು. ಬಸ್ಸಲ್ಲಿ ಬರುವಾಗ ಅಮ್ಮ ಅದರಿಂದ ಸುಗಂಧರಾಜ ಒಂದೊಂದೇ ಎಳೆದು ಕಿಟಕಿಯಿಂದ ಎಸೆದುಬಿಟ್ಲು."

"ಹಾಗಾದ್ರೆ ಐದು ತಿಂಗಳಿಂದ ದಿನ ಬಿಟ್ಟು ದಿನ ಯಾಕೆ ತಗೊಂಡು ಹೋದ್ರು?"

ಅವಳು ಬಕೆಟ್ಟಿನಲ್ಲಿದ್ದ ಸುಗಂಧರಾಜದತ್ತ ಬಗ್ಗಿ ಮೂಸಿದಳು. ನಿಧಾನವಾಗಿ ಹೇಳಿದಳು: "ಹೋದ ಸಲ ಬಂದಾಗ ಮನೇಲಿ ಏನೋ ವಾಸನೆ ಬಂತು. ಹೂದಾನಿ ನೀರು ಕೊಳೆತಿದೆ ಅಮ್ಮ ಅಂದೆ. ನಾನೇ ಚೆಲ್ಲಿ ಹೊಸ ನೀರು ಹಾಕಿದೆ. ಆದ್ರೂ ಹೋಗಲಿಲ್ಲ. ಅಮ್ಮ ನಕ್ಕು, ನಿನ್ನ ಮೂಗಲ್ಲೇ ನಾಯಿ ವಾಸನೆ ಇದೆ ಅಂದ್ಲು." ಅಷ್ಟು ಹೇಳಿ ನಿಂತಳು. ಏನೋ ಹೊಳೆದಂತೆ ಮುಖ ಬಿಳಿಚಿಕೊಂಡಿತು. "ಅಕ್ಕ, ಆ ವಾಸನೆ ನಂಗೆ ಗೊತ್ತು. ಆಸ್ಪತ್ರೇಲಿ ದಿನಾ ಮೂಸ್ತೀನಿ. ನೀವು ನನ್ ಜೊತೆ ಮನೆಗೆ ಬನ್ನಿ."

ಸಾವಿನ ಮನೆಯಲ್ಲಿ ಕುತೂಹಲ ಸಲ್ಲದು ಎನ್ನುತ್ತಾರೆ ಹಿರಿಯರು. ಟೈಲರಮ್ಮ ಬದುಕಿದ್ದಾಗ ನಮಗೆಲ್ಲ ಇನ್ನೂ ಸ್ವಲ್ಪ ಕುತೂಹಲ ಇದ್ದಿದ್ದರೆ ಆ ಮನೆಗೆ ಸಾವು ಅಷ್ಟು ಬೇಗ ಬರುತ್ತಿರಲಿಲ್ಲವೇನೋ. ಶಟರ್ ಎಳೆದು ಹೊರಟೆ. ಪೆಟ್ಟಿಗೆಯ ಅಳತೆ ತೆಗೆಯಬೇಕೆಂಬ ನೆಪ ಇತ್ತು.

ಮೀಟರಪ್ಪ ಮುಂದಿನ ಕೋಣೆಯಲ್ಲಿ ಮಂಚದ ಅಂಚಿಗೆ ಕುಳಿತಿದ್ದರು. ನಡುಕೋಣೆಯಲ್ಲಿ ಟೈಲರಮ್ಮ. ನಾನು ಟೇಪು ಹಿಡಿದೆ. ಮಗಳು ಒಳಗೆ ಹೋಗಿ, ಹಿಂದಿನ ದಿನ ದೊಡ್ಡತ್ತೆ ಬೀಗದಲ್ಲೇ ಬಿಟ್ಟಿದ್ದ ಬೀಗದಕೈ ತಿರುಗಿಸಿ ಬೀರು ತೆಗೆದಳು. ಆಮೇಲೆ "ಅಕ್ಕ" ಎಂದು ಕರೆದದ್ದು ಎಷ್ಟು ಮೆಲ್ಲಗೆಂದರೆ ನಾನು ಟೇಪನ್ನು ಅಲ್ಲೇ ಬಿಟ್ಟು ಓಡಿದೆ.

ಮಂಚದ ಮೇಲೆ ತಾಯಿಯ ಅಂಗಿಗಳನ್ನು ಒಳಮೈ ಹೊರಗೆ ಮಾಡಿ ಹರಡಿದ್ದಳು. ಎಂಟೋ ಹತ್ತೋ ಇದ್ದವು. ಪ್ರತಿಯೊಂದರ ಎದೆಯ ಎಡಭಾಗದ ಹೊಲಿಗೆ ಬಿಚ್ಚಿ ಅಗಲ ಮಾಡಿ, ಒಳಗೆ ಮೆತ್ತನೆ ಬಟ್ಟೆಯ ಚೀಲ ಹೊಲಿದು, ಅದರಲ್ಲಿ ಹತ್ತಿ ತುಂಬಲಾಗಿತ್ತು. ಹೊಲಿಗೆ ಎಷ್ಟು ಅಚ್ಚುಕಟ್ಟೆಂದರೆ ಹೊರಗಿನಿಂದ ಏನೂ ತಿಳಿಯದು. ಕೆಲವು ಚೀಲಗಳಲ್ಲಿ ತೊಳೆದರೂ ಹೋಗದ ಕಂದು ಕಲೆ. ಬೀರುವಿನ ಅಡಿಯಲ್ಲಿ ಹರಿದ ಹಳೆ ಹತ್ತಿಬಟ್ಟೆಯ ಗಂಟು, ಫಿನಾಯಿಲು ಬಾಟಲಿ.

"ಅವನ್ನೆಲ್ಲ ಇಟ್ಟುಬಿಡು." ಬಾಗಿಲಲ್ಲಿ ದೊಡ್ಡತ್ತೆ ನಿಂತಿದ್ದರು.

"ಎಷ್ಟು ದಿನದಿಂದ ದೊಡ್ಡತ್ತೆ?"

"ಹೊರಗಿನವರ ಮುಂದೆ ಆ ಮಾತು ಬೇಡ."

"ಹೂವಿನಕ್ಕ ಹೊರಗಿನವರಲ್ಲ. ಎಷ್ಟು ದಿನದಿಂದ?"

ಮುದುಕಿ ಬಾಗಿಲನ್ನು ಹಿಂದಿನಿಂದ ಮುಚ್ಚಿ, ಬೆನ್ನು ಕೊಟ್ಟು ನಿಂತರು. "ಮೂರು ವರ್ಷ. ಮೊದಲು ಕಡಲೆಕಾಳಿನಷ್ಟಿತ್ತು. ನಂಗೆ ತೋರ್ಸಿದ್ಲು. ಸುಮ್ನಿರು, ತಾನಾಗೇ ಕರಗುತ್ತೆ ಅಂದೆ. ಆ ಜಾಗದ ಕಾಯಿಲೆ ಊರಿಗೆ ಸಾರೋದಲ್ಲ. ಪರಗಂಡಸಿನ ಮುಂದೆ ಅಂಗಿ ಬಿಚ್ಚಿ ನಿಲ್ಲೋದಾ? ನಮ್ಮಮ್ಮನಿಗೂ ಅದೇ ಆಯ್ತು. ಒಳಕೋಣೇಲಿ ಮಲಗಿದ್ಲು, ಹೋದ್ಲು. ಒಂದು ಪಿಟ್ಟೆನ್ನಲಿಲ್ಲ. ಮರ್ಯಾದಸ್ತ ಹೆಂಗಸರು ಹಾಗೇ ಹೋಗೋದು."

"ಮರ್ಯಾದೆ!" ಮಗಳ ಧ್ವನಿ ಏರಲಿಲ್ಲ. "ದೊಡ್ಡತ್ತೆ, ನಮ್ಮಾಸ್ಪತ್ರೆಗೆ ಬರೋ ಹೆಣ್ಣುನಾಯಿಗಳಿಗೂ ಈ ಗಂಟು ಬರುತ್ತೆ. ಸಾಕಿದವರು ಕೈಯಾಡಿಸುವಾಗ ಸಿಗುತ್ತೆ, ಮಾರನೇ ದಿನವೇ ಕರ್ಕೊಂಡು ಬರ್ತಾರೆ. ಸಣ್ಣದಿದ್ರೆ ತೆಗೆದುಹಾಕ್ತೀವಿ, ಎಷ್ಟೋ ನಾಯಿಗಳು ವರ್ಷಗಟ್ಟಲೆ ಬದುಕುತ್ತವೆ. ಯಾರೂ ನಾಚ್ಕೊಳ್ಳಲ್ಲ. ನಾಯಿಗೆ ಸಿಕ್ಕಿದ್ದು ನಮ್ಮಮ್ಮನಿಗೆ ಸಿಗಲಿಲ್ಲ. ಅದು ಮರ್ಯಾದೆನಾ?"

"ನಿಂಗೋಸ್ಕರಾನೂ ಮುಚ್ಚಿಟ್ವಿ ಕಣೇ. ಮನೆತನಕ್ಕೆ ಅಂಟಿದ ಕಾಯಿಲೆ ಅಂದ್ರೆ ನಿನ್ನ ಯಾರು ತಗೊಂಡು ಹೋಗ್ತಿದ್ರು?" ದೊಡ್ಡತ್ತೆ ಎರಡೂ ಕೈ ಮುಂದೆ ಚಾಚಿದರು. "ನಾನೇನು ಅವಳನ್ನ ಬೀದಿಪಾಲು ಮಾಡಿದ್ನಾ? ಗಾಯ ಒಡೆದ ಮೇಲೆ ದಿನಕ್ಕೆರಡು ಸಲ ಈ ಕೈಯಲ್ಲೇ ತೊಳೆದಿದ್ದೀನಿ. ಹೂವು ತಗೊಂಡು ಬಾ, ಯಾರಿಗೂ ಗೊತ್ತಾಗಲ್ಲ ಅಂತ ಉಪಾಯ ಹೇಳ್ಕೊಟ್ಟವಳೂ ನಾನೇ. ಇನ್ನೇನು ಮಾಡ್ಬೇಕಿತ್ತು?"

ಆ ಕೈಗಳನ್ನು ನಾನು ನೋಡಿದೆ. ಫಿನಾಯಿಲಿಗೆ ಬೆರಳ ತುದಿಗಳ ಚರ್ಮ ಸುಲಿದಿತ್ತು. ಕೇಡು ಬಯಸಿದ ಕೈಗಳಲ್ಲ ಅವು. ಓದುಗರೇ, ಕೆಟ್ಟ ರೂಢಿಯನ್ನು ಕೆಟ್ಟವರು ಮಾತ್ರ ಉಳಿಸಿದ್ದರೆ ಅದು ಎಂದೋ ಸಾಯುತ್ತಿತ್ತು. ಪ್ರೀತಿಸುವವರ ಕೈಯಲ್ಲೇ ಅದು ಬೆಳೆಯುತ್ತದೆ.

ಆಚೆಯಿಂದ ಯಾರೋ ತಳ್ಳಿದ್ದಕ್ಕೆ ದೊಡ್ಡತ್ತೆ ಪಕ್ಕಕ್ಕೆ ಸರಿದರು, ಬಾಗಿಲು ತೆರೆಯಿತು. ಮೀಟರಪ್ಪ. ಎಲ್ಲ ಕೇಳಿಸಿಕೊಂಡಿದ್ದರು. ಒಂದು ಅಂಗಿ ಎತ್ತಿ, ಹತ್ತಿಯ ಚೀಲವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಮಿಷನ್ ಸದ್ದಿಗೆ ನಿಮ್ಮ ನಿದ್ದೆ ಕೆಡುತ್ತೆ, ಮುಂದಿನ ಕೋಣೇಲಿ ಮಲಗಿ ಅಂದ್ಲು. ಹೆಂಗಸರ ವಿಷಯ ಏನೋ ಇರ್ಬೇಕು, ಕೇಳ್ಬಾರ್ದು ಅಂದ್ಕೊಂಡೆ," ಎಂದರು. "ಊರ ಮನೆಮನೆ ಮೀಟರ್ ಓದಿದವನು ನಾನು. ನನ್ನ ಮನೇಲಿ ಏನಾಗ್ತಿದೆ ಅಂತ ಓದಲಿಲ್ಲ."

ಮಗಳು ಕಣ್ಣೊರೆಸಿಕೊಂಡು ಕೇಳಿದಳು: "ಅಪ್ಪ, ಅಮ್ಮನಿಗೆ ನಿಜವಾಗ್ಲೂ ಯಾವ ಹೂವು ಇಷ್ಟ ಇತ್ತು?"

ಅವರಿಗೆ ಗೊತ್ತಿರಲಿಲ್ಲ. ದೊಡ್ಡತ್ತೆಗೂ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಸೂರಿನಡಿ ಬಾಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹೋಗಿ ಮಿಷನ್ನಿನ ಮುಂದೆ, ಟೈಲರಮ್ಮ ಕೂರುತ್ತಿದ್ದ ಸ್ಟೂಲಿನ ಮೇಲೆ ಕುಳಿತೆ. ಅವರು ದಿನವಿಡೀ ಏನು ನೋಡುತ್ತಿದ್ದಿರಬಹುದು ಎಂಬ ಕುತೂಹಲ. ಎದುರಿಗೆ ಕಿಟಕಿ, ಕಿಟಕಿಯಾಚೆ ತಂತಿಬೇಲಿ. ಬೇಲಿಯ ಮೇಲೆ ಶಂಖಪುಷ್ಪದ ಬಳ್ಳಿ, ತುಂಬ ನೀಲಿ ಹೂವು.

"ಅದಾ?" ಎಂದರು ಮೀಟರಪ್ಪ. "ತಾನಾಗೇ ಬೆಳೆದಿದ್ದು. ಕಿತ್ತುಹಾಕ್ತೀನಿ ಅಂದ್ರೆ ಬಿಡಲಿಲ್ಲ. ಹಬ್ಬಲಿ ಅಂತ ತಾನೇ ದಾರ ಕಟ್ಟಿದ್ಲು."

ಹೊರಗೆ ಹೋಗಿ ನೋಡಿದೆವು. ಬಳ್ಳಿಯನ್ನು ಬೇಲಿಗೆ ಹೊಂದಿಸಿ ಕಟ್ಟಿದ್ದು ಮಿಷನ್ನಿನ ದಾರದಿಂದ. ಕೆಂಪು, ಬಿಳಿ, ಬೂದು, ಯಾವ ಬಟ್ಟೆ ಹೊಲಿದು ಉಳಿದಿತ್ತೋ ಆ ದಾರ. ಮಗಳು ಒಂದು ಹೂವು ಬಿಡಿಸಿ ಮೂಸಿದಳು. "ವಾಸನೆಯೇ ಇಲ್ಲ," ಎಂದು ಅಳುತ್ತಲೇ ನಕ್ಕಳು.

ಶಂಖಪುಷ್ಪ ಯಾವ ಹೂವಿನ ಅಂಗಡಿಯಲ್ಲೂ ಸಿಗುವುದಿಲ್ಲ. ಕಿತ್ತು ಗಂಟೆಯೊಳಗೆ ಮುದುಡುವ ಹೂವನ್ನು ಯಾರು ಮಾರುತ್ತಾರೆ? ನಾನು ಒಂದು ಉಪಾಯ ಮಾಡಿದೆ. ಬುಧವಾರ ಬೆಳಿಗ್ಗೆ ಪೆಟ್ಟಿಗೆ ಎತ್ತುವ ಸ್ವಲ್ಪ ಮುಂಚೆ, ಹೂವು ಬಿಡಿಸದೆ ಬಳ್ಳಿಯನ್ನೇ ಮಾರುದ್ದ ಕತ್ತರಿಸಿ, ತುದಿಗಳನ್ನು ಒದ್ದೆ ಹತ್ತಿಯಲ್ಲಿ ಸುತ್ತಿ, ಮುಚ್ಚಳದ ಮೇಲೆ ಒದ್ದೆ ಪಾಚಿ ಹಾಸಿ ಅದರ ಮೇಲೆ ಹೆಣೆದೆ. ಹೂಚಕ್ರವಿಲ್ಲ, ಗೊಂಚಲಿಲ್ಲ, ರಿಬ್ಬನ್ನಿಲ್ಲ. "ಬೇಲಿ ಮೇಲಿನ ಕಳೆ ಹಾಕಿ ಕಳಿಸೋದಾ? ಜನ ಏನಂತಾರೆ?" ಎಂದು ದೊಡ್ಡತ್ತೆ ಒಮ್ಮೆ ಗೊಣಗಿದರು. ಮಗಳು ಇನ್ನೊಂದು ಬಳ್ಳಿ ಕತ್ತರಿಸಿ ನನ್ನ ಕೈಗೆ ಕೊಟ್ಟಳು.

ಜನ ಕೇಳಿಯೇ ಕೇಳಿದರು. ಸಮಾಧಿಯ ಗುಂಡಿಯ ಬಳಿ ಸೇರಿದ್ದ ಎಲ್ಲರ ಕಣ್ಣೂ ಆ ನೀಲಿಯ ಮೇಲೆ. "ಸುಗಂಧರಾಜ ಎಲ್ಲಿ? ಆಕೆಗೆ ಅದೇ ಪ್ರಾಣವಾಗಿತ್ತಲ್ಲ" ಎಂದು ಹಾಲಿನ ಅಂಗಡಿಯಾಕೆ ಕೇಳಿದಳು. ಆಗ ಮಗಳು ಒಂದು ಹೆಜ್ಜೆ ಮುಂದೆ ಬಂದಳು.

"ಸುಗಂಧರಾಜ ಅಮ್ಮನಿಗೆ ಆಗ್ತಿರಲಿಲ್ಲ. ಗಾಯದ ವಾಸನೆ ನಿಮಗ್ಯಾರಿಗೂ ಬರಬಾರದು ಅಂತ ತಗೊಂಡು ಬರ್ತಿದ್ಲು. ಅಮ್ಮನ ಹೃದಯ ಚೆನ್ನಾಗೇ ಇತ್ತು. ಅವಳಿಗಿದ್ದಿದ್ದು ಮೊಲೆಯ ಕ್ಯಾನ್ಸರ್. ಮೂರು ವರ್ಷ ಒಬ್ಬರಿಗೂ ಹೇಳದೆ, ನಿಮ್ಮೆಲ್ಲರ ಅಳತೆ ತಗೊಂಡು, ತನ್ನ ಅಂಗಿಗೆ ಹತ್ತಿ ತುಂಬಿಕೊಂಡು ಬದುಕಿದ್ಲು. ಇದನ್ನ ಮುಚ್ಚಿಡೋ ಹೆಂಗಸು ಈ ಬೀದೀಲಿ ಅಮ್ಮನೇ ಕೊನೆಯವಳಾಗಲಿ."

ಗಂಡಸರು ಚಪ್ಪಲಿ ನೋಡಿಕೊಂಡರು. ಹೆಂಗಸರ ಸಾಲಿನಲ್ಲಿ ಯಾರೋ ತಟ್ಟನೆ ತನ್ನ ಕೈಚೀಲವನ್ನು ಎದೆಗೆ ಒತ್ತಿಕೊಂಡಳು. ದೊಡ್ಡತ್ತೆ ಮುಖ ತಿರುಗಿಸಿ ಗೇಟಿನತ್ತ ನಡೆದುಬಿಟ್ಟರು. ಮೀಟರಪ್ಪ ಮಾತ್ರ ಮಗಳ ಪಕ್ಕಕ್ಕೆ ಬಂದು ಅವಳ ಹೆಗಲ ಮೇಲೆ ಕೈಯಿಟ್ಟು ನಿಂತರು.

ಊರಿಗೆ ಮರಳುವ ಮುನ್ನ ಮಗಳು ಒಂದು ಚೀಟಿ ನನಗೆ ಕೊಟ್ಟಳು. ದೊಡ್ಡಾಸ್ಪತ್ರೆಯಲ್ಲಿ ಈ ಗಂಟು ನೋಡುವ ಡಾಕ್ಟರು ಯಾವ ದಿನ, ಎಷ್ಟನೇ ಕೋಣೆಯಲ್ಲಿ ಸಿಗುತ್ತಾರೆ ಎಂಬ ವಿವರ. ಆಮೇಲಿನ ಮೂರು ವಾರ ನನ್ನ ಅಂಗಡಿಯಲ್ಲಿ ಒಂಟಿ ಗುಲಾಬಿಗೆ ಎಲ್ಲಿಲ್ಲದ ಗಿರಾಕಿ. "ಒಂದು ಗುಲಾಬಿ ಕೊಡಮ್ಮ" ಎನ್ನುವುದು, ಅತ್ತಿತ್ತ ನೋಡುವುದು, "ಅದೇನೋ ಚೀಟಿ ಇದೆಯಂತಲ್ಲ?" ಎನ್ನುವುದು. ಹೋಗಿಬಂದವರಲ್ಲಿ ಹೆಚ್ಚಿನವರಿಗೆ ಏನೂ ಇರಲಿಲ್ಲ. ಸುಮ್ಮನೆ ಹೊತ್ತಿದ್ದ ಭಯವನ್ನು ಅಲ್ಲೇ ಇಳಿಸಿ ಬಂದರು.

ನಾಲ್ಕನೆಯ ವಾರ ದೊಡ್ಡತ್ತೆ ಬಂದರು. ಅವರು ಇಂದಿಗೂ ಇದ್ದಾರೆ, ಆಪರೇಷನ್ ಆಗಿ ಎರಡು ವರ್ಷ ಕಳೆಯಿತು. ಇದನ್ನು ಬರೆಯಲು ನನಗೆ ಒಪ್ಪಿಗೆ ಕೊಟ್ಟವರೂ ಅವರೇ. "ಬರಿ, ಆದ್ರೆ ನನ್ನನ್ನ ರಾಕ್ಷಸಿ ಮಾಡ್ಬೇಡ" ಎಂದಿದ್ದಾರೆ. ಅಂದು ಹೂವು ಕೇಳಲಿಲ್ಲ, ಗುಲಾಬಿಯ ನೆಪವನ್ನೂ ಹೂಡಲಿಲ್ಲ. ಸ್ಟೂಲಿನ ಮೇಲೆ ಕುಳಿತು ನಾನು ದೇಟು ಕತ್ತರಿಸುವುದನ್ನೇ ನೋಡಿದರು. ಆಮೇಲೆ ಕೇಳಿದರು:

"ಆ ಡಾಕ್ಟರು ಗಂಡಸೋ, ಹೆಂಗಸೋ?"

"ಹೆಂಗಸೇ, ದೊಡ್ಡತ್ತೆ."

"ವಯಸ್ಸಿನವಳಾ?"

"ನನ್ನಷ್ಟು ಇರಬಹುದು."

"ನಕ್ಕರೆ?"

"ಯಾಕೆ ನಗ್ತಾರೆ? ದಿನಾ ನೋಡೋದೇ ಅದು."

ಅವರು ಎದ್ದರು. ನಾನು ಕತ್ತರಿ ಇಟ್ಟು ಶಟರ್ ಎಳೆದೆ. ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದರು.

ಆಸ್ಪತ್ರೆಯ ಹಾಲಿನಲ್ಲಿ ಬೆಂಚುಗಳ ತುಂಬ ಜನ. ಗಾಜಿನ ಕಿಂಡಿಯ ಹಿಂದೆ ಹೆಸರು ಬರೆದುಕೊಳ್ಳುವ ಹುಡುಗಿ ತಲೆಯೆತ್ತದೆ ಕೇಳಿದಳು: "ಏನು ತೊಂದರೆ ಅಜ್ಜಿ?"

ದೊಡ್ಡತ್ತೆ ನನ್ನತ್ತ ನೋಡಿದರು. ನಾನೇ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು ತಡೆದರು.

"ಎದೇಲಿ..." ಎಂದರು.

"ಎದೆನೋವಾ? ಅದು ಹೃದಯದ ವಿಭಾಗ. ಮೇಲಿನ ಮಹಡಿಗೆ ಹೋಗಿ."

"ಹೃದಯ ಅಲ್ಲಮ್ಮ," ದೊಡ್ಡತ್ತೆ ಕಿಂಡಿಗೆ ಮುಖವಿಟ್ಟು ಹೇಳಿದರು. ಬೆಂಚಿನ ಮೇಲಿದ್ದ ಗಂಡಸರೂ ಹೆಂಗಸರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು. "ಮೊಲೆಯಲ್ಲಿ ಗಂಟಿದೆ. ಹಾಗಂತಲೇ ಬರ್ಕೋ."